ವಿದ್ಯಾರ್ಥಿಯು ವಿದ್ಯಾರ್ಥಿಗೆ ಕಲಿಸಬಹುದೇ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವವರು ವಿದ್ಯಾರ್ಥಿ ಜೀವನದ ಮಹತ್ವವನ್ನೋ, ಶಿಸ್ತಿನ ಅವಶ್ಯಕತೆಯನ್ನೋ ಕುರಿತು ಬರೆಯುವುದು ವಾಡಿಕೆ. ಅಷ್ಟು ದೊಡ್ಡ ವಿಷಯಕ್ಕೆ ಕೈಹಾಕುವ ಧೈರ್ಯ ನನಗಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ಎರಡು ವರುಷ ನೋಡಿ, ಒಂದು ವರುಷ ಮಾಡಿ, ಒಂದು ಸಲ ಚೆನ್ನಾಗಿ ಎಡವಿ ತಿಳಿದುಕೊಂಡ ಒಂದು ಸಣ್ಣ ಸಂಗತಿಯನ್ನಷ್ಟೆ ಸಹಾಧ್ಯಾಯಿಗಳ ಹಾಗೂ ಗುರುಹಿರಿಯರ ಮುಂದೆ ಇಡಬಯಸುತ್ತೇನೆ. ಹಿರಿಯ ತರಗತಿಯ ವಿದ್ಯಾರ್ಥಿಯು ಕಿರಿಯ ತರಗತಿಯವರಿಗೆ ಕಲಿಸಬಹುದೇ? ಕಲಿಸಬಹುದಾದರೆ ಅವನು ಎಲ್ಲಿ ನಿಂತು ಕಲಿಸಬೇಕು? ಇದೇ ನನ್ನ ಪ್ರಶ್ನೆ.

ನಮ್ಮಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಹದಿನೈದು ದಿನಕ್ಕೊಮ್ಮೆ ಒಂದು ಗೋಡೆ ಪತ್ರಿಕೆಯನ್ನು ಹೊರಡಿಸುತ್ತೇವೆಂಬುದು ತಮಗೆಲ್ಲ ತಿಳಿದದ್ದೇ. ವಾಚನಾಲಯದ ಪಕ್ಕದ ಹಲಗೆಯ ಮೇಲೆ ಅಂಟಿಸುವ ಆ ಎಂಟು ಹಾಳೆಗಳನ್ನು ನಿಂತು ಓದುವವರು ಕೆಲವರು, ನಡೆಯುತ್ತಲೇ ಓದುವವರು ಹಲವರು. ಅದು ಸಿದ್ಧವಾಗುವ ಬಗೆ ಮಾತ್ರ ಎಲ್ಲರಿಗೂ ಗೊತ್ತಿರಲಾರದು. ಅಂತಿಮ ವರುಷದವರಲ್ಲಿ ಒಬ್ಬರು ಸಂಪಾದಕರು, ಇಬ್ಬರು ಉಪಸಂಪಾದಕರು. ಮೊದಲ ವರುಷದವರು ವರದಿಗಾರರು. ಸುದ್ದಿಯ ಮೊದಲ ಪರಿಚ್ಛೇದದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರವಿರಬೇಕೆಂದು ಗುರುಗಳು ತರಗತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಆ ಉತ್ತರಗಳನ್ನು ಪಂಚಾಯತಿ ಕಚೇರಿಯಲ್ಲಿ ಕೇಳಿ ಪಡೆಯುವುದು ಹೇಗೆ, ಪಡೆದದ್ದನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸುವುದು ಹೇಗೆ, ಒತ್ತಕ್ಷರ ಎಲ್ಲಿ ತಪ್ಪುತ್ತದೆ, ತಲೆಬರಹ ಎರಡು ಸಾಲನ್ನು ಮೀರದಂತೆ ಕತ್ತರಿಸುವುದು ಹೇಗೆ, ಇವನ್ನೆಲ್ಲ ಕಿರಿಯರಿಗೆ ಪಕ್ಕದಲ್ಲಿ ಕುಳಿತು ತೋರಿಸುವವರು ಹಿರಿಯ ವಿದ್ಯಾರ್ಥಿಗಳೇ. ಕಳೆದ ಜುಲೈಯಿಂದ ಈ ಕೆಲಸದ ಮುಂದಾಳುತನ ನನ್ನ ಪಾಲಿಗೆ ಬಂದಿತ್ತು.

ಈ ಪದ್ಧತಿಯನ್ನು ಒಪ್ಪದವರೂ ಉಂಟು. “ಅರ್ಧ ಕಲಿತವನು ಏನೂ ಕಲಿಯದವನಿಗೆ ಏನು ಕಲಿಸಿಯಾನು? ಕುರುಡನ ಕೈ ಕುರುಡ ಹಿಡಿದಂತೆ” ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪದವಿ ಮುಗಿಸದ ನನಗೆ ತಿಳಿದಿರುವುದು ಅತ್ಯಲ್ಪ. ಆದರೂ ಕೆಲವು ಸಂಗತಿಗಳನ್ನು ಮೇಲಿನ ಮೆಟ್ಟಿಲ ಮೇಲಿರುವವರಿಗಿಂತ, ಒಂದೇ ಮೆಟ್ಟಿಲು ಮುಂದಿರುವವರು ಚೆನ್ನಾಗಿ ಹೇಳಬಲ್ಲರೆಂಬುದು ನನ್ನ ಸ್ವಂತ ಅನುಭವ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನಮ್ಮ ತಾಯಿ ಸಹಿ ಮಾಡಲು ಕಲಿತದ್ದು ಸ್ವಸಹಾಯ ಸಂಘ ಸೇರಿದ ಮೇಲೆ. ತಂದೆಯವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಮೊದಲ ವರುಷಕ್ಕೆ ಸೇರಿದಾಗ ‘ಸೆಮಿಸ್ಟರ್’ ಎಂದರೇನು, ‘ಅಸೈನ್‌ಮೆಂಟ್’ ಎಂದರೆ ಮನೆಗೆಲಸವೋ ಪರೀಕ್ಷೆಯೋ, ಗ್ರಂಥಾಲಯದ ಕಾರ್ಡಿಗೆ ಹಣ ಕೊಡಬೇಕೋ ಬೇಡವೋ ಒಂದೂ ತಿಳಿಯದು. ಗುರುಗಳನ್ನು ಕೇಳಬಹುದಿತ್ತಲ್ಲ ಎನ್ನಬಹುದು. ಕೇಳಬಹುದಿತ್ತು, ನಿಜ. ಆದರೆ “ಇಷ್ಟೂ ಗೊತ್ತಿಲ್ಲವೇ?” ಎಂದಾರೆಂಬ ಅಂಜಿಕೆ. ಗುರುಗಳು ಹಾಗೆಂದವರಲ್ಲ, ಅಂಜಿಕೆ ನಮ್ಮೊಳಗಿನದು. ಮನೆಯಲ್ಲಿ ಓದಿದವರಿದ್ದರೆ ಊಟಕ್ಕೆ ಕುಳಿತಾಗ ತಾನಾಗಿ ತಿಳಿದುಹೋಗುವ ಮಾತುಗಳು ಇವು. ನಮ್ಮಂಥವರಿಗೆ ಅವನ್ನು ಹೇಳುವವರು ಯಾರು? ಅಂದು ಬಸ್‌ ನಿಲ್ದಾಣದಲ್ಲಿ, ಹಾರೂಗೇರಿಯ ಬಸ್ಸಿಗಾಗಿ ಕಾಯುತ್ತಿದ್ದ ಮೂರನೆಯ ವರುಷದ ಅಕ್ಕ ಒಬ್ಬರು ನನಗೆ ಇವನ್ನೆಲ್ಲ ಬಿಡಿಸಿ ಹೇಳಿದರು. ಅವರೇ ಎರಡು ವರುಷ ಹಿಂದೆ ಇದೇ ಕಲ್ಲಿನ ಮೇಲೆ ಎಡವಿದ್ದರಾದ್ದರಿಂದ ಕಲ್ಲು ಎಲ್ಲಿದೆಯೆಂಬುದು ಅವರಿಗೆ ನೆನಪಿತ್ತು. ‘ಕಲಿಯುವತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಎಂಬ ಗಾದೆಯುಂಟಷ್ಟೆ. ಕೋತಿವಿದ್ಯೆಯಾಗಿ ಬಹಳ ವರುಷ ಕಳೆದವರಿಗೆ ಅದು ಬ್ರಹ್ಮವಿದ್ಯೆಯಾಗಿದ್ದ ಕಾಲ ಮರೆತುಹೋಗಿರುತ್ತದೆ. ಹಿರಿಯ ವಿದ್ಯಾರ್ಥಿಗೆ ಅದಿನ್ನೂ ಮರೆತಿರುವುದಿಲ್ಲ. ಅವನ ಯೋಗ್ಯತೆಯೆಲ್ಲ ಇಷ್ಟೇ. ಆದರೆ ಇದೇನೂ ಸಣ್ಣದಲ್ಲ.

ಅಲ್ಲದೆ ಪತ್ರಿಕೋದ್ಯಮದ ವಿದ್ಯೆ ಬೆಳೆದುಬಂದದ್ದೇ ಹೀಗೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ್ದು 1843ರ ಜುಲೈ 1ರಂದು. ನಮ್ಮ ನಾಡಿನಲ್ಲಿ ಪತ್ರಿಕೋದ್ಯಮವು ಕಾಲೇಜಿನ ಪಾಠವಾಗಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಕಾಲಿಟ್ಟದ್ದು 1951ರಲ್ಲಿ. ಈ ನಡುವಿನ 108 ವರುಷಗಳ ಕಾಲ ಕನ್ನಡದ ಪತ್ರಕರ್ತರು ಎಲ್ಲಿ ಕಲಿತರು? ಪಕ್ಕದ ಮೇಜಿನ ಹಳಬನು ಕೆಂಪು ಮಸಿಯಲ್ಲಿ ತಿದ್ದಿದ್ದನ್ನು ನೋಡಿ ಕಲಿತರು. ಅಮೇರಿಕೆಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಅವರು 1908ರಲ್ಲಿ ಪತ್ರಿಕೋದ್ಯಮ ಶಾಲೆಯನ್ನು ತೆರೆದಾಗ, ತರಗತಿ ಆರಂಭವಾದ ದಿನವೇ, ಅಂದರೆ ಸೆಪ್ಟೆಂಬರ್ 14ರಂದೇ, ವಿದ್ಯಾರ್ಥಿಗಳ ಕೈಯಿಂದ ಒಂದು ಪತ್ರಿಕೆಯನ್ನು ಹೊರಡಿಸಿದರು. ಮೊದಲು ಪಾಠ, ಆಮೇಲೆ ಪತ್ರಿಕೆ ಎಂದು ಅವರು ಕಾಯಲಿಲ್ಲ. ಈಜನ್ನು ದಂಡೆಯ ಮೇಲೆ ಕುಳಿತು ಕಲಿಯಲಾಗದೆಂಬುದನ್ನು ಕೃಷ್ಣೆಯ ದಂಡೆಯವರಾದ ನಮಗೆ ಯಾರೂ ಹೇಳಬೇಕಾಗಿಲ್ಲ.

ವಯಸ್ಸು ಸಾಲದೆಂಬ ಆಕ್ಷೇಪಕ್ಕೂ ಉತ್ತರವುಂಟು. ನಮ್ಮ ಗಡಿಭಾಗದಲ್ಲಿ ಮರಾಠಿ ಪತ್ರಿಕೆಗಳನ್ನು ಓದುವವರು ಬಹಳ. ಆ ಭಾಷೆಯ ಮೊದಲ ಪತ್ರಿಕೆ ‘ದರ್ಪಣ’ವನ್ನು 1832ರ ಜನವರಿ 6ರಂದು ಆರಂಭಿಸಿದಾಗ ಬಾಳಶಾಸ್ತ್ರಿ ಜಾಂಭೇಕರ ಅವರ ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿತ್ತು. 1848ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಒಂದು ಸಾಹಿತ್ಯ-ವಿಜ್ಞಾನ ಸಭೆಯನ್ನು ಕಟ್ಟಿದರು. ಮರುವರುಷ ಆ ಸಭೆಯ ತರುಣರು ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದು, ಸಂಬಳವಿಲ್ಲದೆ ತಾವೇ ಪಾಠ ಹೇಳಿದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ದಾದಾಭಾಯಿ ನವರೋಜಿಯವರು 1851ರಲ್ಲಿ ‘ರಾಸ್ತ್ ಗೋಫ್ತಾರ್’ ಪತ್ರಿಕೆಯನ್ನು ಆರಂಭಿಸಿದರು. ಕಲಿಯುವುದು, ಕಲಿಸುವುದು, ಪತ್ರಿಕೆ ನಡೆಸುವುದು ಈ ಮೂರೂ ಒಂದೇ ಬಳಗದ ಕೆಲಸಗಳಾಗಿದ್ದವೆಂಬುದನ್ನು ನಾವು ಗಮನಿಸಬೇಕು.

ನಮ್ಮ ರಾಯಬಾಗಕ್ಕೆ ಇನ್ನೂ ಹತ್ತಿರದ ನಿದರ್ಶನವಿದೆ. ಈ ಊರು ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ಮುತ್ತಜ್ಜಂದಿರ ಅರಸರಾಗಿದ್ದ ಶಾಹೂ ಮಹಾರಾಜರು ಕೊಟ್ಟ 2,500 ರೂಪಾಯಿಗಳ ನೆರವಿನಿಂದ ಡಾ. ಅಂಬೇಡ್ಕರರು 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆಯನ್ನು ಹೊರಡಿಸಿದರು. ತಾವು ಸರಕಾರಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುದರಿಂದ ಸಂಪಾದಕನ ಸ್ಥಾನದಲ್ಲಿ ತಮ್ಮ ಹೆಸರನ್ನು ಹಾಕದೆ, ಪಾಂಡುರಂಗ ನಂದರಾಮ ಭಟಕರ ಎಂಬವರನ್ನು ಅಲ್ಲಿ ಕೂಡಿಸಿದರು. ಮಾತಿಲ್ಲದವರ ನಾಯಕ ಎಂಬ ಅರ್ಥದ ಹೆಸರಿನ ಆ ಪತ್ರಿಕೆಯು, ಮಾತಾಡುವ ಹಕ್ಕು ಯಾರದೆಂಬ ಪ್ರಶ್ನೆಯನ್ನು ಕೇಳಿತು. ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುವವರನ್ನು ಕಂಡಾಗ ನನಗೆ ಆ ಹೆಸರು ನೆನಪಾಗುತ್ತದೆ.

ಇಲ್ಲಿಯವರೆಗೆ ನಾನು ಹಿರಿಯ ವಿದ್ಯಾರ್ಥಿಯ ಪರವಾಗಿ ವಕೀಲಿಕೆ ಮಾಡಿದೆ. ಇನ್ನು ಅವನ ಮೇಲಿನ ಫಿರ್ಯಾದಿಯನ್ನೂ ಹೇಳಬೇಕು. ಆರೋಪಿ ಮತ್ತಾರೂ ಅಲ್ಲ, ಈ ಲೇಖನ ಬರೆಯುತ್ತಿರುವವಳೇ.

ಕಬ್ಬಿನ ಹಂಗಾಮು ನಡೆದಿತ್ತು. ಮೊದಲ ವರುಷದ ಒಬ್ಬ ತಂಗಿ ತನ್ನ ಊರಿನ ಹೊರಗೆ, ಕಬ್ಬು ಕಡಿಯಲು ವಿಜಯಪುರದ ಕಡೆಯಿಂದ ಬಂದ ಗ್ಯಾಂಗಿನವರು ಹಾಕಿದ್ದ ಗುಡಿಸಲುಗಳಿಗೆ ಹೋಗಿ ಒಂದು ವರದಿ ಬರೆದು ತಂದಳು. ಅಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಹದಿನಾಲ್ಕು ಮಕ್ಕಳಿದ್ದಾರೆ, ಒಬ್ಬರೂ ಶಾಲೆಗೆ ಹೋಗುತ್ತಿಲ್ಲ ಎಂಬುದು ವರದಿಯ ಸಾರ. ಅವಳು ಮಾತಿನಲ್ಲಿ ಹಿಂದು. ಮೂರು ತಿಂಗಳಲ್ಲಿ ನಾಲ್ಕು ಮಾತಾಡಿದ್ದರೆ ಹೆಚ್ಚು. ಬರವಣಿಗೆಯೂ ಬಿಡಿಬಿಡಿ. ನಡುವೆ ಒಂಬತ್ತು ವರುಷದ ಒಬ್ಬ ಹುಡುಗಿಯ ಮಾತನ್ನು ಅವಳು ಹಾಗೆಯೇ ಬರೆದಿದ್ದಳು: “ಸಾಲಿಗಿ ಹ್ವಾದ್ರ ಊಟಾ ಸಿಗತೈತಿ ಖರೇ, ತಮ್ಮನ್ನ ಯಾರ ಹಿಡಕೋಬೇಕ್ರಿ?”

ಪತ್ರಿಕೆ ಅಂಟಿಸಲು ಉಳಿದಿದ್ದುದು ಒಂದೇ ಮಧ್ಯಾಹ್ನ. ನಾನು ಸಂಪಾದಕಳು. ಪೆನ್ನು ಹಿಡಿದು ಕುಳಿತೆ. ‘ಹದಿನಾಲ್ಕು ಮಕ್ಕಳು’ ಎಂಬುದು ನನಗೆ ಬಡವಾಗಿ ಕಂಡಿತು. ಅದನ್ನು ಹೊಡೆದು ‘ನೂರಾರು ಕಂದಮ್ಮಗಳು’ ಎಂದು ಮಾಡಿದೆ. ಆ ಹುಡುಗಿಯ ಮಾತು ಗ್ರಾಮ್ಯವೆನಿಸಿತು. ಅದನ್ನು ತೆಗೆದು ‘ಇವರ ಬದುಕು ಅತ್ಯಂತ ಶೋಚನೀಯವಾಗಿದೆ’ ಎಂದು ಸೇರಿಸಿದೆ. ವರದಿಗಾರ್ತಿಯನ್ನು ಕರೆದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ವರದಿಯ ಕೆಳಗೆ ಅವಳ ಹೆಸರನ್ನೇ ಹಾಕಿ ಹಲಗೆಗೆ ಅಂಟಿಸಿದೆ. ಕಿರಿಯಳೊಬ್ಬಳ ಬರವಣಿಗೆಯನ್ನು ‘ಎತ್ತಿ ನಿಲ್ಲಿಸಿದೆ’ನೆಂಬ ಹಿಗ್ಗಿನಿಂದ ಆ ರಾತ್ರಿ ಮಲಗಿದೆ.

ಮರುದಿನ ಹಲಗೆಯ ಮುಂದೆ ಗುಂಪು ಕೂಡಿತು. ಆ ಊರಿನವನೇ ಆದ ಬಿ.ಕಾಂ. ವಿದ್ಯಾರ್ಥಿಯೊಬ್ಬ ನಗುತ್ತ, “ನೂರಾರು ಎಲ್ಲಿ ಅದಾವು? ಇರೂದ ಹದಿನೆಂಟ ಗುಡಿಸಲಾ. ಬರ್ರಿ, ಹೋಗಿ ಎಣಸೂಣು” ಎಂದ. ಯಾರೋ ಎಣಿಸಿಯೂ ಬಂದರು. ಹದಿನಾಲ್ಕು! ಸಂಜೆಯ ಹೊತ್ತಿಗೆ ಕಾಲೇಜಿನಲ್ಲೆಲ್ಲ ಒಂದೇ ಮಾತು: ಪತ್ರಿಕೋದ್ಯಮದವರು ಬರೆದದ್ದು ಸುಳ್ಳು. ವಾಚಕರು ಗಮನಿಸಬೇಕು. ಹದಿನಾಲ್ಕು ಮಕ್ಕಳು ಶಾಲೆಯ ಹೊರಗಿದ್ದುದು ನಿಜವಾಗಿತ್ತು. ನಾನು ‘ನೂರಾರು’ ಎಂದು ಬರೆದದ್ದರಿಂದ ಆ ನಿಜವೂ ಸುಳ್ಳಾಯಿತು. ಮಕ್ಕಳ ಮಾತು ಹೋಗಿ ನಮ್ಮ ಮಾತೇ ಚರ್ಚೆಯ ವಿಷಯವಾಯಿತು. ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರರಿಂದ ಹದಿನಾಲ್ಕು ವರುಷದ ಪ್ರತಿ ಮಗುವಿಗೂ ಶಾಲೆಯ ಹಕ್ಕನ್ನು ಕೊಟ್ಟಿದೆ. ಅದಕ್ಕೂ ಬಹು ಮುಂಚೆ, 1917ರಲ್ಲಿಯೇ, ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿದ್ದರು. ಇಂಥ ನೆಲದಲ್ಲಿ ಆ ಹದಿನಾಲ್ಕು ಮಕ್ಕಳ ಮಾತು ಯಾರಾದರೂ ಕೇಳಲೇಬೇಕಾದ ಮಾತಾಗಿತ್ತು. ಕೇಳದಂತೆ ಮಾಡಿದವಳು ನಾನು.

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಕೆಳಗೆ ಹೆಸರಿದ್ದುದು ಆ ತಂಗಿಯದು. ನಗೆಗೆ ಗುರಿಯಾದವಳು ಅವಳು. ಒಂದು ದಿನವೆಲ್ಲ ನಾನು ಸುಮ್ಮನಿದ್ದೆ. ಮಾರನೆಯ ದಿನ ಅವಳು ತನ್ನ ಟಿಪ್ಪಣಿ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟಳು. ಗುಡಿಸಲಿಗೊಂದು ಗೆರೆ, ಗೆರೆಯ ಮುಂದೆ ಮಕ್ಕಳ ಹೆಸರು, ವಯಸ್ಸು. ಕೆಳಗೆ ಎರಡು ಬೇರೆ ಬೇರೆ ದಿನಾಂಕ. “ಅಕ್ಕಾರ, ನಾ ಎರಡ ಸಲ ಹೋಗಿ ಎಣಿಸಿದ್ದೆರಿ. ನೀವು ಒಮ್ಮಿ ಕೇಳಬೇಕಿತ್ತ್ರಿ” ಎಂದಳು. ಅಷ್ಟೇ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ದಿನ ಮನೆಗೆ ಹೋಗಿ ತಂದೆಯವರ ಮುಂದೆ ಇದನ್ನು ಹೇಳಿದೆ. ಅವರು ಹರೆಯದಲ್ಲಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿದವರು. ಈಗ ಪಾಲಿಗೆ ಹೊಲ ಮಾಡುತ್ತಾರೆ. ಪತ್ರಿಕೋದ್ಯಮವೆಂದರೇನೆಂಬುದು ಅವರಿಗೆ ಅಷ್ಟಾಗಿ ತಿಳಿಯದು. ಆದರೆ ಹೊಸಬನಿಗೆ ಕೆಲಸ ಕಲಿಸುವುದೆಂದರೇನೆಂದು ಬಲ್ಲರು. ಬುಡಕ್ಕೆ ಹತ್ತಿ ಕಡಿಯುವುದು, ರವದಿ ಸವರುವುದು, ಹೊರೆ ಕಟ್ಟುವುದು ಇವನ್ನೆಲ್ಲ ಅವರಿಗೂ ಒಬ್ಬರು ಕಲಿಸಿದ್ದರು. ಅವರೂ ಇನ್ನೊಬ್ಬರಿಗೆ ಕಲಿಸಿದ್ದರು. ನನ್ನ ಕಥೆಯನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡವಾ, ಕಲಸಾಂವ ಬಾಜೂದ ಸಾಲಿನ್ಯಾಗ ಕಡೀತಾನ. ಮುಕಾದಮ ಒಡ್ಡಿನ ಮ್ಯಾಲ ನಿಂದರತಾನ. ನೀ ಎಲ್ಲಿ ನಿಂತಿದ್ದಿ?” ಎಂದು ಕೇಳಿದರು.

ನಾನು ಒಡ್ಡಿನ ಮೇಲೆ ನಿಂತಿದ್ದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ತಂದೆಯವರ ಆ ಒಂದು ಮಾತಿನಲ್ಲಿದೆ. ಹಿರಿಯ ವಿದ್ಯಾರ್ಥಿಯು ಕಲಿಸಬಹುದು, ಕಲಿಸಬೇಕು ಕೂಡ. ಆದರೆ ತಾನೂ ಅದೇ ಕೆಲಸವನ್ನು ಪಕ್ಕದ ಸಾಲಿನಲ್ಲಿ ಮಾಡುತ್ತ, ತನ್ನ ತಪ್ಪನ್ನು ಕಿರಿಯರೂ ಕಾಣುವಂಥ ಸ್ಥಳದಲ್ಲಿ ನಿಂತು ಕಲಿಸಬೇಕು. ತಿದ್ದುವ ಅಧಿಕಾರ ಮಾತ್ರ ಬೇಕು, ತಿದ್ದಿಸಿಕೊಳ್ಳುವ ಹೊಣೆ ಬೇಡವೆಂದರೆ ಅದು ಮುಕಾದಮಕಿ, ಕಲಿಸುವಿಕೆಯಲ್ಲ.

ಈ ಮಾತು ಎಲ್ಲ ವಿಷಯಗಳ ಕಲಿಕೆಗೂ ಸಲ್ಲುವುದಾದರೂ ಪತ್ರಿಕೋದ್ಯಮಕ್ಕೆ ಹೆಚ್ಚಾಗಿ ಸಲ್ಲುತ್ತದೆ. ಈ ವೃತ್ತಿಯ ಮೂಲವೇ ಕೇಳುವುದು, ಖಚಿತಪಡಿಸಿಕೊಳ್ಳುವುದು, ತಪ್ಪಿದರೆ ಒಪ್ಪಿಕೊಳ್ಳುವುದು. ತಪ್ಪು ಪ್ರಕಟವಾದರೆ ತಡಮಾಡದೆ, ಎದ್ದು ಕಾಣುವಂತೆ ತಿದ್ದುಪಡಿಯನ್ನು ಪ್ರಕಟಿಸಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಲ್ಲಿ ಒಂದು. ಈ ನಿಯಮವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಕಿರಿಯಳನ್ನು ಒಂದು ಮಾತು ಕೇಳದೆ ಅವಳ ವರದಿಯನ್ನು ಬದಲಿಸಿದಾಗ ನಾನು ಅವಳಿಗೆ ಕಲಿಸಿದ್ದೇನು? ಬಲ್ಲವರು ಕೇಳಬೇಕಾಗಿಲ್ಲ, ದೊಡ್ಡವರು ಎಣಿಸಬೇಕಾಗಿಲ್ಲ ಎಂಬುದನ್ನು. ಈಗಂತೂ ಯಂತ್ರವೇ ಕ್ಷಣಮಾತ್ರದಲ್ಲಿ ಚೊಕ್ಕ ಭಾಷೆಯ ವರದಿಯನ್ನು ಬರೆದುಕೊಡುವ ಕಾಲ. ‘ಅತ್ಯಂತ ಶೋಚನೀಯ’ ಎಂಬಂಥ ಮಾತುಗಳನ್ನು ಅದು ನನಗಿಂತ ಸೊಗಸಾಗಿ ಬರೆದೀತು. ಆದರೆ ಅದು ಗುಡಿಸಲಿನಿಂದ ಗುಡಿಸಲಿಗೆ ಎರಡು ಸಲ ನಡೆದು ಹೆಸರು ಕೇಳಿ ಬರಲಾರದು. ನಮ್ಮಲ್ಲಿ ಆ ಕೆಲಸ ಮಾಡಿದವಳು ಮಾತಿಲ್ಲದ ಆ ಕಿರಿಯಳು. ನಿಜವಾಗಿ ಕಲಿಸಿದವರು ಯಾರು, ಕಲಿತವರು ಯಾರೆಂಬುದನ್ನು ವಾಚಕರೇ ತೀರ್ಮಾನಿಸಲಿ.

ಚರಿತ್ರೆಯಲ್ಲಿಯೂ ಈ ಎಚ್ಚರಿಕೆಗೆ ಆಧಾರವುಂಟು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕರಾದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಅಲ್ಲಿಯ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡರು. ತಮ್ಮ ಶಾಲೆಯ ಉಪಾಧ್ಯಾಯರಿಂದ ಅದು ಆಗದಿದ್ದಾಗ ಎಂಟು ವರುಷದ ಒಬ್ಬ ಬಾಲಕನಿಗೇ ಅಕ್ಷರ ಕಲಿಸುವ ಕೆಲಸ ವಹಿಸಿ ಗೆದ್ದರು. 1797ರಲ್ಲಿ ಅವರು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಅದು ‘ಮದರಾಸು ಪದ್ಧತಿ’ಯೆಂದು ಹೆಸರಾಯಿತು. ಮರುವರುಷ ಜೋಸೆಫ್ ಲ್ಯಾಂಕಾಸ್ಟರ್ ಎಂಬವರು ಲಂಡನ್ನಿನ ಬರೋ ರಸ್ತೆಯಲ್ಲಿ ಇಂಥದೇ ಶಾಲೆಯನ್ನು ತೆರೆದರು. ನಮ್ಮ ನೆಲದ ಮರಳಿನಿಂದ ಹೊರಟ ಪದ್ಧತಿ ಸಮುದ್ರ ದಾಟಿತೆಂಬುದು ಹೆಮ್ಮೆಯ ಮಾತೇ. ಆದರೆ ಅಲ್ಲಿ ಅದು ಏನಾಯಿತು? ಒಬ್ಬನೇ ಮಾಸ್ತರ, ನೂರಾರು ಮಕ್ಕಳು, ನಡುವೆ ಗಂಟಲು ಹರಿದುಕೊಳ್ಳುವ ಮಾನಿಟರುಗಳು. ಖರ್ಚು ಕಡಿಮೆಯೆಂಬುದೇ ಅದರ ದೊಡ್ಡ ಗುಣವಾಯಿತು. ಮಕ್ಕಳು ಗಿಳಿಪಾಠ ಕಲಿತರು. ಕೊನೆಗೆ 1846ರಿಂದ ಇಂಗ್ಲೆಂಡಿನ ಸರಕಾರವು ಈ ಪದ್ಧತಿಯನ್ನು ಬದಿಗೊತ್ತಿ, ಶಿಕ್ಷಕರಾಗಲಿರುವ ತರುಣರಿಗೆ ಮುಖ್ಯೋಪಾಧ್ಯಾಯರೇ ಪಾಠ ಹೇಳಿ ತರಬೇತು ಮಾಡುವ ಕ್ರಮವನ್ನು ತರಬೇಕಾಯಿತು. ಹುಡುಗನು ಹುಡುಗನಿಗೆ ಕಲಿಸಿದ್ದು ತಪ್ಪಲ್ಲ. ಕಲಿಸುವ ಹುಡುಗನಿಗೆ ಕಲಿಸುವವರೇ ಇಲ್ಲದಂತಾದುದು ತಪ್ಪು.

ಆದುದರಿಂದ ಹಿರಿಯ ವಿದ್ಯಾರ್ಥಿಗಳು ಕಲಿಸುತ್ತಾರೆಂಬ ನೆವದಿಂದ ಅಧ್ಯಾಪಕರ ಸ್ಥಾನಗಳನ್ನು ಬರಿದಾಗಿಡುವ ಆಲೋಚನೆ ಎಲ್ಲಿಯೂ ಹುಟ್ಟಬಾರದು. ನಾಡಿನ ಸರಕಾರಿ ಪದವಿ ಕಾಲೇಜುಗಳ ಪಾಠಪ್ರವಚನಗಳು ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಡೆಯುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಅವರ ಕೆಲಸಕ್ಕೆ ನಾವು ಬದಲಿಯಲ್ಲ. ಬಾಜೂದ ಸಾಲಿನವನು ಕುಡಗೋಲು ಹಿಡಿಯುವುದನ್ನು ತೋರಿಸಿಯಾನು; ಹೊಲವನ್ನೇ ಅವನ ಮೇಲೆ ಬಿಡಬಾರದು.

ಟೀಕೆ ಮಾಡುವುದು ಸುಲಭ, ದಾರಿ ಹೇಳುವುದು ಕಠಿಣ. ಆದರೂ ನನ್ನ ಅಲ್ಪಮತಿಗೆ ತೋಚಿದ ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಮುಂದಾಳುತನವು ಸರದಿಯಂತೆ ಬರಬೇಕು. ಈಗ ಯಾರ ದನಿ ದೊಡ್ಡದೋ, ಯಾರ ಮನೆ ಊರೊಳಗೆಯೋ, ಯಾರ ಮೊಬೈಲು ಒಳ್ಳೆಯದೋ ಅವರೇ ಸಂಪಾದಕರಾಗುವುದು ಸಹಜವಾಗಿಬಿಟ್ಟಿದೆ. ನಮ್ಮ ಸಂಪಾದಕ ಮಂಡಳಿಯ ಸಭೆ ಸಂಜೆ ನಡೆಯುತ್ತಿತ್ತು. ಆ ಹೊತ್ತಿಗೆ ಹಳ್ಳಿಯ ಹುಡುಗಿಯರೆಲ್ಲ ಬಸ್ಸು ಹಿಡಿಯಲು ಓಡಬೇಕು. ಹೀಗಾಗಿ ಅವರು ಬರೆಯುವವರಾದರೇ ಹೊರತು ನಿರ್ಣಯಿಸುವವರಾಗಲಿಲ್ಲ. ಸಭೆಯನ್ನು ಮಧ್ಯಾಹ್ನದ ಬಿಡುವಿಗೆ ತಂದ ಮೇಲೆ ಬರುವವರ ಸಂಖ್ಯೆ ಏಳರಿಂದ ಹತ್ತೊಂಬತ್ತಕ್ಕೆ ಏರಿತು. ಎಣಿಸಿಯೇ ಹೇಳುತ್ತಿದ್ದೇನೆ! ಮೂರು ತಿಂಗಳಿಗೊಮ್ಮೆ ಸಂಪಾದಕರು ಬದಲಾಗಲಿ. ಹಿಂದಿನ ಬೆಂಚಿನವರ ಸರದಿಯೂ ತಪ್ಪದೆ ಬರಲಿ.

ಎರಡನೆಯದು, ಕಲಿಸುವವನು ಬರೆಯಬೇಕು ಮತ್ತು ಅವನು ಬರೆದದ್ದನ್ನು ಕಿರಿಯರೊಬ್ಬರು ಓದಿ ತಿದ್ದಬೇಕು. ವರದಿಯನ್ನು ಬದಲಿಸುವಾಗ ಬರೆದವರನ್ನು ಎದುರಿಗೆ ಕೂಡಿಸಿಕೊಳ್ಳಬೇಕು. ತಿದ್ದಿದವರ ಹೆಸರೂ ವರದಿಯ ಕೆಳಗೆ ಇರಬೇಕು. ಹೊಗಳಿಕೆಗೆ ಪಾಲುಗಾರರಾಗುವವರು ತೆಗಳಿಕೆಗೂ ಆಗಲಿ.

ಮೂರನೆಯದು, 'ತಪ್ಪೊಪ್ಪು' ಎಂಬ ಒಂದು ಅಂಕಣ ಪ್ರತಿ ಸಂಚಿಕೆಯಲ್ಲಿಯೂ ಇರಬೇಕು. ಇದು ಈಗಾಗಲೇ ಆರಂಭವಾಗಿದೆಯೆಂಬುದನ್ನು ಹಲಗೆಯನ್ನು ನಿಂತು ಓದುವವರು ಬಲ್ಲರು. ಆ ಅಂಕಣದ ಮೊದಲ ತಪ್ಪೊಪ್ಪಿಗೆ ನನ್ನದೇ. “ಹಿಂದಿನ ಸಂಚಿಕೆಯಲ್ಲಿ ‘ನೂರಾರು’ ಎಂದು ಬರೆದದ್ದು ಸಂಪಾದಕಳು. ವರದಿಗಾರ್ತಿಯು ಎಣಿಸಿ ಬರೆದದ್ದು ಹದಿನಾಲ್ಕು. ಅದೇ ಸರಿ” ಎಂದು ನನ್ನ ಹೆಸರು ಹಾಕಿ ಬರೆದೆ. ಅದರ ಪಕ್ಕದಲ್ಲಿ ಅವಳ ಮೂಲ ವರದಿಯನ್ನು, ಆ ಹುಡುಗಿಯ ಮಾತಿನ ಸಮೇತ, ಒಂದಕ್ಷರವನ್ನೂ ಬದಲಿಸದೆ ಅಂಟಿಸಿದೆವು.

ಆ ವಾರ ಹಲಗೆಯ ಮುಂದೆ ಯಾರೂ ನಗಲಿಲ್ಲ. ಆ ಊರಿನ ಪ್ರಾಥಮಿಕ ಶಾಲೆಯ ಗುರುಗಳೊಬ್ಬರು ಸುದ್ದಿ ತಿಳಿದು ಬಂದು, ವರದಿಗಾರ್ತಿಯನ್ನು ಕಂಡು, ಟಿಪ್ಪಣಿ ಪುಸ್ತಕದಲ್ಲಿದ್ದ ಹೆಸರುಗಳನ್ನು ಬರೆದುಕೊಂಡು ಹೋದರು. ನೂರಾರು ಎಂಬುದನ್ನು ಯಾರೂ ಹಾಗೆ ಬರೆದುಕೊಂಡು ಹೋಗಲಾರರು. ಹದಿನಾಲ್ಕಕ್ಕೆ ಹೆಸರುಗಳುಂಟು. ಅವರಲ್ಲಿ ಐದು ಮಕ್ಕಳು ಹಂಗಾಮು ಮುಗಿದು ಗ್ಯಾಂಗು ಊರಿಗೆ ಮರಳುವವರೆಗೆ ಶಾಲೆಗೆ ಬಂದರು. ಉಳಿದ ಒಂಬತ್ತು ಮಕ್ಕಳು ಬರಲಿಲ್ಲ. ತಮ್ಮನನ್ನು ಹಿಡಿದುಕೊಳ್ಳಬೇಕಾಗಿದ್ದ ಆ ಹುಡುಗಿಯೂ ಬರಲಿಲ್ಲ. ನಮ್ಮ ಗೋಡೆ ಪತ್ರಿಕೆಯಿಂದ ಲೋಕ ಬದಲಾಯಿತೆಂದು ಹೇಳುವಷ್ಟು ಮೂಢಳು ನಾನಲ್ಲ. ಐದಕ್ಕೆ ಐದೆಂದೇ ಹೇಳುತ್ತೇನೆ.

ಸಹಾಧ್ಯಾಯಿಗಳೇ, ಕೆಲವೇ ವಾರಗಳಲ್ಲಿ ನಾವು ಈ ಕಾಲೇಜನ್ನು ಬಿಟ್ಟು ಹೊರಡುವವರು. ನಮ್ಮಲ್ಲಿ ಕೆಲವರು ಶಿಕ್ಷಕರಾದಾರು, ಕೆಲವರು ಪತ್ರಿಕಾ ಕಚೇರಿ ಸೇರಿಯಾರು, ಕೆಲವರು ಹೊಲಮನೆಗೆ ಮರಳಿಯಾರು. ಎಲ್ಲಿ ಹೋದರೂ ನಮಗಿಂತ ಹೊಸಬರಾದವರು ಒಬ್ಬರಲ್ಲ ಒಬ್ಬರು ನಮ್ಮ ಪಕ್ಕಕ್ಕೆ ಬಂದು ನಿಂತು, ಹೇಗೆ ಮಾಡಬೇಕೆಂದು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಪಡೆದ ನಮಗೆ ಆಗ ಒಡ್ಡಿನ ಮೇಲೆ ಹೋಗಿ ನಿಲ್ಲುವ ಆಸೆ ಹುಟ್ಟುವುದು ಸಹಜ. ಬಹುಕಾಲ ಕೆಳಗೆ ನಿಂತವರಿಗೆ ಅದು ಹೆಚ್ಚೇ ಹುಟ್ಟೀತು. ಆ ಹೊತ್ತಿನಲ್ಲಿ ನಮ್ಮ ತಂದೆಯವರು ಕೇಳಿದ ಪ್ರಶ್ನೆಯನ್ನು ನಾವೇ ನಮಗೆ ಕೇಳಿಕೊಂಡರೆ ಸಾಕು.

ಬರುವ ಜುಲೈಯಿಂದ ಗೋಡೆ ಪತ್ರಿಕೆಯ ಉಪಸಂಪಾದಕರ ಸರದಿಯಲ್ಲಿ ಮೊದಲ ಹೆಸರು ಆ ತಂಗಿಯದು. ಈ ಲೇಖನವನ್ನು ಸಂಚಿಕೆಗೆ ಕೊಡುವ ಮುನ್ನ ಅವಳ ಕೈಗೆ ಕೊಟ್ಟೆ. ಎರಡು ಕಡೆ ತಿದ್ದಿದ್ದಾಳೆ. ಒಪ್ಪಿಕೊಂಡಿದ್ದೇನೆ.